ಚಳಿಗಾಲದ ಮಳೆಯಲ್ಲಿ ರೆಡ್‌ವುಡ್ ಕಾಡು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಉತ್ತರ ತುದಿಯಲ್ಲಿ, ಪೆಸಿಫಿಕ್ ಕಡಲಿನ ಪಕ್ಕದಲ್ಲೇ ಇರುವ ರೆಡ್‌ವುಡ್ ಕಾಡಿಗೆ ನಾನು ಬೇಸಿಗೆಯಲ್ಲೂ ಹೋಗಿದ್ದೇನೆ, ಚಳಿಗಾಲದಲ್ಲೂ ಹೋಗಿದ್ದೇನೆ. ಈಗ ಯಾರಾದರೂ ಕೇಳಿದರೆ ಚಳಿಗಾಲದಲ್ಲೇ ಹೋಗಿ ಅನ್ನುತ್ತೇನೆ. ತಕ್ಷಣ ಬರುವ ಪ್ರಶ್ನೆ, "ಆಗ ಮಳೆ ಅಲ್ವಾ?"

ಹೌದು, ಮಳೆಯೇ. ಅಲ್ಲಿ ಬೇಸಿಗೆ ಒಣಗಿರುತ್ತದೆ, ಚಳಿಗಾಲ ಒದ್ದೆ. ವರ್ಷಕ್ಕೆ 60ರಿಂದ 80 ಇಂಚು ಬೀಳುವ ಮಳೆಯಲ್ಲಿ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಏಪ್ರಿಲ್ ಒಳಗೇ ಸುರಿದುಹೋಗುತ್ತದೆ. ಆಗುಂಬೆಯ ಮಳೆ ಕಂಡವರಿಗೆ ಈ ಲೆಕ್ಕ ದೊಡ್ಡದಲ್ಲ. ಆದರೆ ಇಲ್ಲಿ ಮಳೆಯ ಜೊತೆ ಚಳಿಯೂ ಸೇರಿಕೊಂಡಿರುತ್ತದೆ. ಹಗಲಲ್ಲಿ ಹತ್ತು ಡಿಗ್ರಿ ಆಸುಪಾಸು, ರಾತ್ರಿ ಇನ್ನೂ ಕಡಿಮೆ. ಮಲೆನಾಡಿನವರಿಗೆ ಒಂದು ಸಮಾಧಾನದ ಸುದ್ದಿ ಇದೆ: ಕಾಲಿಗೆ ಹತ್ತುವ ಇಂಬಳದ ಕಾಟ ನನಗೆ ಇಲ್ಲಿ ಯಾವತ್ತೂ ಆಗಿಲ್ಲ.

ಇಲ್ಲಿ ಒಂದು ರಾಷ್ಟ್ರೀಯ ಉದ್ಯಾನ ಮತ್ತು ಮೂರು ರಾಜ್ಯ ಉದ್ಯಾನಗಳು ಒಂದಕ್ಕೊಂದು ಅಂಟಿಕೊಂಡಿವೆ. ರಾಷ್ಟ್ರೀಯ ಉದ್ಯಾನ ಆದದ್ದು 1968ರಲ್ಲಿ. ಪ್ರೇರೀ ಕ್ರೀಕ್, ಡೆಲ್ ನಾರ್ಟ್, ಜೆಡಿಡಯಾ ಸ್ಮಿತ್ ಎಂಬ ರಾಜ್ಯ ಉದ್ಯಾನಗಳನ್ನೂ ಸೇರಿಸಿ ನಾಲ್ಕನ್ನೂ 1994ರಿಂದ ಒಟ್ಟಿಗೆ ನೋಡಿಕೊಳ್ಳುತ್ತಿದ್ದಾರೆ. ದಕ್ಷಿಣದ ಓರಿಕ್‌ನಿಂದ ಉತ್ತರದ ಕ್ರೆಸೆಂಟ್ ಸಿಟಿಗೆ 101 ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲ. ರಾಜ್ಯ ಉದ್ಯಾನಗಳ ಕೆಲವು ಜಾಗಗಳಲ್ಲಿ ಮಾತ್ರ ದಿನದ ಶುಲ್ಕ ಕೊಡಬೇಕು.

ಹೊರಡುವ ಮೊದಲು ನಾನು ನೋಡುವುದು ಮಳೆಯ ಮುನ್ಸೂಚನೆ ಅಲ್ಲ, ಗಾಳಿಯದ್ದು. ಮಳೆಯಲ್ಲಿ ನಡೆಯಬಹುದು. ಜೋರು ಗಾಳಿಯಲ್ಲಿ ಈ ಮರಗಳ ಕೆಳಗೆ ಇರಲೇಬಾರದು. 300 ಅಡಿ ಮೀರಿ ಬೆಳೆಯುವ ರೆಡ್‌ವುಡ್‌ಗೆ ತಾಯಿಬೇರು ಇಲ್ಲ. ಬೇರು ಇಳಿಯುವುದು ಹೆಚ್ಚೆಂದರೆ ಹತ್ತು ಹನ್ನೆರಡು ಅಡಿ. ಅದು ಆಳಕ್ಕೆ ಹೋಗುವ ಬದಲು ಅಗಲಕ್ಕೆ ಹರಡಿ, ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ವಾರಗಟ್ಟಲೆ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಬಿರುಗಾಳಿ ಎದ್ದರೆ ಮರವೇ ಉರುಳಬಹುದು. ಅದಕ್ಕಿಂತ ಹೆಚ್ಚಾಗಿ ಆಗುವುದು ಕೊಂಬೆ ಬೀಳುವುದು. ಮೇಲಿಂದ ಬೀಳುವ ಒಂದೊಂದು ಕೊಂಬೆಯೂ ನಮ್ಮ ಕಡೆಯ ಒಂದು ಮರದಷ್ಟು ದಪ್ಪ ಇರುತ್ತದೆ. ದಾರಿಯಲ್ಲಿ ನೆಲಕ್ಕೆ ನೆಟ್ಟ ಹಾಗೆ ನಿಂತ ಕೊಂಬೆಗಳನ್ನು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಗಾಳಿ ಇದ್ದ ದಿನ ಕಾಡು ಬಿಟ್ಟು, ಊರಲ್ಲೇ ಇರುತ್ತೇನೆ.

ಎರಡನೆಯದು ರಸ್ತೆ. ಕ್ರೆಸೆಂಟ್ ಸಿಟಿಯ ದಕ್ಷಿಣಕ್ಕೆ ಲಾಸ್ಟ್ ಚಾನ್ಸ್ ಗ್ರೇಡ್ ಎಂಬ ಭಾಗವಿದೆ. ಅಲ್ಲಿ 101 ಹೆದ್ದಾರಿ ಕಡಲ ಮೇಲಿನ ಕಡಿದಾದ ಗುಡ್ಡದ ಬದಿಯಲ್ಲಿ ಸಾಗುತ್ತದೆ. ಆ ಗುಡ್ಡ ಎಷ್ಟೋ ದಶಕಗಳಿಂದ ಜಾರುತ್ತಲೇ ಇದೆ. ದುರಸ್ತಿಗೆಂದು ಒಂದೇ ಕಡೆಯ ಸಂಚಾರ ಬಿಟ್ಟಿದ್ದರೆ ಅರ್ಧ ಗಂಟೆ ಕಾಯಬೇಕಾಗುತ್ತದೆ. ಪೂರ್ತಿ ಮುಚ್ಚಿದರೆ ಒಳನಾಡಿನಿಂದ ನೂರಾರು ಮೈಲಿ ಸುತ್ತಿ ಬರಬೇಕು. ಹಾಗಾಗಿ ರಸ್ತೆಗಳ ಸ್ಥಿತಿ ತೋರಿಸುವ, ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್ಟ್ರಾನ್ಸ್‌ನ ಆನ್‌ಲೈನ್ ನಕ್ಷೆ ಕ್ವಿಕ್‌ಮ್ಯಾಪ್ ನೋಡದೆ ನಾನು ಗಾಡಿ ತೆಗೆಯುವುದಿಲ್ಲ. ಉದ್ಯಾನದೊಳಗೆ ಬಹಳಷ್ಟು ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ನಕ್ಷೆ ಮೊದಲೇ ಡೌನ್‌ಲೋಡ್ ಆಗಿರಬೇಕು, ಟ್ಯಾಂಕ್ ತುಂಬಿರಬೇಕು.

ದಿನ ಚಿಕ್ಕದು. ಡಿಸೆಂಬರ್‌ನಲ್ಲಿ ಐದು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ದಟ್ಟ ಮರಗಳ ಕೆಳಗೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ. ಬೇಸಿಗೆಯಲ್ಲಿ ಒಂದೇ ದಿನ ಐದಾರು ಜಾಗ ನೋಡುವವರೂ ಈಗ ಎರಡಕ್ಕೆ ನಿಲ್ಲಿಸಬೇಕು. ನನ್ನ ಕ್ರಮ ಸರಳ: ಬೆಳಿಗ್ಗೆ ಕಾಡಿನಲ್ಲಿ ಒಂದು ನಡಿಗೆ, ಮಧ್ಯಾಹ್ನದ ಮೇಲೆ ಮಳೆ ಬಿಟ್ಟರೆ ಕಡಲ ಕಡೆ. ತಲೆಗೆ ಕಟ್ಟುವ ಟಾರ್ಚ್ ಯಾವಾಗಲೂ ಚೀಲದಲ್ಲಿರುತ್ತದೆ.

ಬಟ್ಟೆಯ ವಿಷಯದಲ್ಲಿ ಹಟ ಹಿಡಿದು ಹೇಳುತ್ತೇನೆ. ಜೀನ್ಸ್ ಬೇಡ, ಹತ್ತಿ ಬೇಡ. ನೆಂದ ಹತ್ತಿ ಇಡೀ ದಿನ ಮೈಯ ಬಿಸಿ ಹೀರುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ಮೇಲೆ ಮಳೆ ಜಾಕೆಟ್. ಅದಕ್ಕಿಂತ ಮುಖ್ಯ ಮಳೆ ಪ್ಯಾಂಟು, ಯಾಕೆಂದರೆ ದಾರಿಯ ಎರಡೂ ಕಡೆಯ ಜರಿಗಿಡಗಳು ಮೊಣಕಾಲಿನಿಂದ ಸೊಂಟದವರೆಗೆ ತೊಯ್ಯಿಸುತ್ತವೆ. ಕಾಡೊಳಗೆ ಗಾಳಿ ಇಲ್ಲದ ದಿನ ಛತ್ರಿಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾಲುಚೀಲ ಎಷ್ಟು ಜೋಡಿ ಬೇಕು ಅನಿಸುತ್ತದೋ ಅದರ ಎರಡರಷ್ಟು ತಗೊಂಡು ಹೋಗಿ.

ಇಷ್ಟೆಲ್ಲಾ ತಯಾರಿ ಯಾಕೆ ಅಂದರೆ, ಮಳೆಯಲ್ಲಿ ಈ ಕಾಡು ಬೇರೆಯೇ. ಬೇಸಿಗೆಯಲ್ಲಿ ರೆಡ್‌ವುಡ್ ಮರಗಳು ತಮಗೆ ಬೇಕಾದ ನೀರಿನಲ್ಲಿ ಒಂದು ಪಾಲನ್ನು ಕಡಲ ಮಂಜಿನಿಂದ ಪಡೆದು ದಿನ ದೂಡುತ್ತವೆ. ಚಳಿಗಾಲದಲ್ಲಿ ಅವಕ್ಕೆ ಹೊಟ್ಟೆ ತುಂಬಾ ನೀರು. ಬೂದುಗಂದು ತೊಗಟೆ ನೆಂದು ಕೆಂಪಗಾಗುತ್ತದೆ. ಒಣಗಿ ಮುದುಡಿದ್ದ ಪಾಚಿ ಉಬ್ಬಿ ಹಸಿರಾಗುತ್ತದೆ. ಮೋಡದ ಬೆಳಕಿನಲ್ಲಿ ಗಾಢ ನೆರಳಿಲ್ಲ, ಹಾಗಾಗಿ ಬುಡದಿಂದ ಮೇಲಿನವರೆಗೂ ಮರ ಒಂದೇ ಸಮ ಕಾಣುತ್ತದೆ. ಫೋಟೋ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಬೆಳಕು ಬೇಸಿಗೆಯಲ್ಲಿ ಸಿಗುವುದಿಲ್ಲ. ಸೋನೆ ಮಳೆ ಶುರುವಾದರೆ ಎಷ್ಟೋ ಹೊತ್ತು ಕೆಳಗೆ ಗೊತ್ತೇ ಆಗುವುದಿಲ್ಲ. ಮೇಲೆ ಸದ್ದು ಮಾತ್ರ. ಆಮೇಲೆ ಮಳೆ ನಿಂತರೂ ಕಾಡೊಳಗೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಅಣಬೆಗಳು ಎಲ್ಲೆಲ್ಲೂ. ಬಾಳೆಹಣ್ಣಿನ ಬಣ್ಣದ ದಪ್ಪ ಬಸವನಹುಳು, ಬೆನ್ನ ಮೇಲೆ ಚಿಪ್ಪಿಲ್ಲದ್ದು, ದಾರಿಯ ಮಧ್ಯದಲ್ಲೇ ಸಾಗುತ್ತಿರುತ್ತದೆ. ಕಾಲಡಿ ನೋಡಿಕೊಂಡು ನಡೆಯಿರಿ.

ನನಗೆ ಜಾಸ್ತಿ ಇಷ್ಟದ ಜಾಗ ಜೆಡಿಡಯಾ ಸ್ಮಿತ್ ಉದ್ಯಾನದ ಹೌಲೆಂಡ್ ಹಿಲ್ ರೋಡ್. ಟಾರು ಕಾಣದ ಕಿರಿದಾದ ರಸ್ತೆ, ಮರಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಸ್ಟೌಟ್ ಗ್ರೋವ್ ಎಂಬ ಹಳೆಯ ರೆಡ್‌ವುಡ್ ಮರಗಳ ತೋಪು ಇರುವುದು ಇಲ್ಲೇ. ಬೇಸಿಗೆಯಲ್ಲಿ ಸ್ಮಿತ್ ನದಿಯ ಆಚೆಯ ಕ್ಯಾಂಪಿನಿಂದ ಸ್ಟೌಟ್ ಗ್ರೋವ್‌ಗೆ ಕಾಲುಸಂಕ ಹಾಕುತ್ತಾರೆ. ಚಳಿಗಾಲದಲ್ಲಿ ಅದನ್ನು ತೆಗೆದಿರುತ್ತಾರೆ, ಯಾಕೆಂದರೆ ಅಣೆಕಟ್ಟೇ ಇಲ್ಲದ ಆ ನದಿ ಮಳೆಗೆ ಬೇಗ ಏರುತ್ತದೆ. ಬಿರುಮಳೆಯ ನಂತರ ಹೌಲೆಂಡ್ ಹಿಲ್ ರಸ್ತೆಯನ್ನೂ ಮುಚ್ಚಬಹುದು. ಹಾಗಾದಾಗ 199 ಹೆದ್ದಾರಿಯ ಪಕ್ಕದಲ್ಲೇ ಇರುವ ಸಿಂಪ್ಸನ್-ರೀಡ್ ಗ್ರೋವ್‌ಗೆ ಹೋಗುತ್ತೇನೆ. ಅದು ಚಿಕ್ಕ ಸುತ್ತು, ಆದರೆ ಮರಗಳು ಅಷ್ಟೇ ಹಳೆಯವು.

ಫರ್ನ್ ಕ್ಯಾನ್ಯನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡೂ ಬದಿ ಜರಿಗಿಡಗಳು ಇಳಿಬಿದ್ದ ಸುಮಾರು 50 ಅಡಿ ಎತ್ತರದ ಗೋಡೆಗಳು, ನಡುವೆ ಹೋಮ್ ಕ್ರೀಕ್ ಹಳ್ಳ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಇಲ್ಲಿಗೆ ಗಾಡಿಯಲ್ಲಿ ಬರಲು ಮುಂಚಿತವಾಗಿ ಪರವಾನಗಿ ಬೇಕು. ಚಳಿಗಾಲದಲ್ಲಿ ಅದು ಬೇಡ, ಜನವೂ ಇಲ್ಲ. ಆದರೆ ಬೇಸಿಗೆಯಲ್ಲಿ ಹಳ್ಳಕ್ಕೆ ಅಡ್ಡ ಹಾಕುವ ಹಲಗೆಗಳು ಇರುವುದಿಲ್ಲ. ನೀರಿನಲ್ಲೇ ನಡೆಯಬೇಕು, ಬಿದ್ದ ಮರ ಹತ್ತಿ ಇಳಿಯಬೇಕು. ಮೊಣಕಾಲಿನವರೆಗಿನ ರಬ್ಬರ್ ಬೂಟು ಮತ್ತು ಒಂದು ಊರುಗೋಲು ಇದ್ದರೆ ಸಾಕು. ಹಳ್ಳ ಕೆಂಪಾಗಿ ಹರಿಯುತ್ತಿದ್ದರೆ ಇಳಿಯಲೇಬೇಡಿ. ಅಲ್ಲಿಗೆ ಹೋಗುವ ಡೇವಿಸನ್ ರೋಡ್ ಮಣ್ಣಿನದು, ಗುಂಡಿ ತುಂಬಿದ್ದು. ಕೊನೆಯಲ್ಲಿ ಗಾಡಿಯೇ ನೀರು ದಾಟಬೇಕು. ತಗ್ಗಿನ ಕಾರು ಇದ್ದವರು ಗೋಲ್ಡ್ ಬ್ಲಫ್ಸ್ ಬೀಚ್ ಹತ್ತಿರವೇ ನಿಲ್ಲಿಸಿ ನಡೆಯುವುದು ಒಳ್ಳೆಯದು.

ಆ ಬೀಚಿನಲ್ಲೂ ಓರಿಕ್ ಸುತ್ತಿನ ಹುಲ್ಲುಗಾವಲಲ್ಲೂ ರೂಸ್‌ವೆಲ್ಟ್ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ಕಾಣುತ್ತದೆ. ಕನಿಷ್ಠ 75 ಅಡಿ ದೂರ ಇರಬೇಕು ಅನ್ನುವುದು ನಿಯಮ. ನಾನು ಅದಕ್ಕಿಂತ ದೂರವೇ ನಿಲ್ಲುತ್ತೇನೆ.

ಕಡಲಿನ ವಿಷಯದಲ್ಲಿ ಒಂದೇ ಮಾತು: ಅದಕ್ಕೆ ಬೆನ್ನು ಹಾಕಿ ನಿಲ್ಲಬೇಡಿ. ಸುಮ್ಮನಿದ್ದ ಕಡಲಿನಿಂದ ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ಮೇಲಕ್ಕೆ ನುಗ್ಗಿ ಬರುತ್ತದೆ. ಚಳಿಗಾಲದ ಬಿರುಗಾಳಿ ದಡಕ್ಕೆ ತಂದು ಹಾಕಿದ ಮರದ ದಿಮ್ಮಿಗಳನ್ನು ಒಂದಡಿ ನೀರೂ ಉರುಳಿಸಬಲ್ಲದು. ದಿಮ್ಮಿಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವವರನ್ನು ಕಂಡರೆ ನಾನು ಹೋಗಿ ಹೇಳಿಯೇ ಬರುತ್ತೇನೆ. ಶಾಂತವಾದ ದಿನ ಸಿಕ್ಕರೆ ಕ್ಲಾಮತ್ ನದಿ ಸೇರುವ ಜಾಗದ ಮೇಲಿನ ದಿಬ್ಬಕ್ಕೆ ದುರ್ಬೀನು ಹಿಡಿದು ಹೋಗಿ. ಡಿಸೆಂಬರ್, ಜನವರಿಯಲ್ಲಿ ಬೂದು ತಿಮಿಂಗಿಲಗಳು ಅಲಾಸ್ಕಾ ಕಡೆಯಿಂದ ಮೆಕ್ಸಿಕೋಗೆ ಹೊರಟಿರುತ್ತವೆ. ಅವು ಉಸಿರು ಬಿಟ್ಟಾಗ ಚಿಮ್ಮುವ ನೀರಿನ ಹನಿಯನ್ನು ಮೊದಲು ಹುಡುಕಬೇಕು, ಮೈ ಕಾಣುವುದು ಆಮೇಲೆ.

ಉಳಿಯಲು ಗುಡಾರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಿಲ್ ಕ್ರೀಕ್ ಕ್ಯಾಂಪು ಚಳಿಗಾಲದಲ್ಲಿ ಮುಚ್ಚಿರುತ್ತದೆ. ಜೆಡಿಡಯಾ ಸ್ಮಿತ್ ಮತ್ತು ಎಲ್ಕ್ ಪ್ರೇರೀ ಕ್ಯಾಂಪುಗಳಲ್ಲಿ ಹೀಟರ್ ಇರುವ ಚಿಕ್ಕ ಮರದ ಕ್ಯಾಬಿನ್‌ಗಳಿವೆ. ಹಾಸಿಗೆ ಹೊದಿಕೆ ನಾವೇ ಒಯ್ಯಬೇಕು, ಅಡುಗೆ ಹೊರಗೆ. ಆದರೆ ರಾತ್ರಿ ಒದ್ದೆ ಬಟ್ಟೆ ಒಣಗುತ್ತದೆ, ಮಾರನೆಯ ದಿನ ಮತ್ತೆ ಮಳೆಗೆ ಇಳಿಯಲು ಮನಸ್ಸು ಬರುತ್ತದೆ. ತಾರೀಖು ಆರಿಸುವ ಸ್ವಾತಂತ್ರ್ಯ ಇದ್ದರೆ ತಿಂಗಳ ಮೊದಲ ಶನಿವಾರ ಸೇರುವ ಹಾಗೆ ನೋಡಿ. ಅಕ್ಟೋಬರ್‌ನಿಂದ ಮೇವರೆಗೆ ಆ ದಿನ ಪ್ರೇರೀ ಕ್ರೀಕ್‌ನ ನ್ಯೂಟನ್ ಡ್ರೂರಿ ರಸ್ತೆಗೆ ಕಾರು ಬಿಡುವುದಿಲ್ಲ. ಹಳೆಯ ಮರಗಳ ನಡುವಿನ ಟಾರು ರಸ್ತೆ ಪೂರ್ತಿ ನಡೆಯುವವರಿಗೆ, ಸೈಕಲ್ ಹೊಡೆಯುವವರಿಗೆ. ಕೆಸರಿನ ದಾರಿ ಆಗದ ವಯಸ್ಸಾದವರನ್ನೂ ತಳ್ಳುಗಾಡಿಯ ಮಗುವನ್ನೂ ಅವತ್ತು ಧೈರ್ಯವಾಗಿ ಕರೆದುಕೊಂಡು ಹೋಗಬಹುದು.