ಹಳೆಯ ಪುಸ್ತಕಕ್ಕೆ ಕಂಪ್ಯೂಟರ್ ದನಿ: ಆಡಿಯೊ ಪುಸ್ತಕ ಮಾಡುವುದು ಹೇಗೆ?

ಆಡಿಯೊ ಪುಸ್ತಕ ಮಾಡೋಣ ಎಂದರೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರ ಬಾಯಲ್ಲಿ ಮೊದಲು ಬರುವ ಹೆಸರು ಗೊರೂರು, ಇಲ್ಲವೇ ತೇಜಸ್ವಿ. ಇಬ್ಬರನ್ನೂ ಸದ್ಯಕ್ಕೆ ಬಿಡಬೇಕು. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕುಸ್ವಾಮ್ಯ (ಕಾಪಿರೈಟ್) ಇರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ತೀರಿಕೊಂಡದ್ದು 1991ರಲ್ಲಿ, ಅವರ ಬರಹ ಎಲ್ಲರದಾಗುವುದು 2052ರ ಜನವರಿ 1ಕ್ಕೆ. 2007ರಲ್ಲಿ ತೀರಿಕೊಂಡ ತೇಜಸ್ವಿಯವರದು 2068ಕ್ಕೆ.

ಹಾಗಂತ ಕೈಚೆಲ್ಲಬೇಕಿಲ್ಲ. ಗುಲ್ವಾಡಿ ವೆಂಕಟರಾಯರು (ನಿಧನ 1913), ಕೆರೂರು ವಾಸುದೇವಾಚಾರ್ಯರು (1921), ಎಂ.ಎಸ್. ಪುಟ್ಟಣ್ಣ (1930), ಪಂಜೆ ಮಂಗೇಶರಾಯರು (1937), ಗಳಗನಾಥರು (1942) ಬದುಕಿದ್ದಾಗ ಅಚ್ಚಾದ ಬರಹಗಳೆಲ್ಲ ಈಗ ಹಕ್ಕುಮುಕ್ತ. ಕಾದಂಬರಿ, ಕಥೆ, ಮಕ್ಕಳ ಸಾಹಿತ್ಯ ಎಲ್ಲವೂ ಇದರಲ್ಲಿದೆ. ಒಂದೇ ಎಚ್ಚರ: ಲೇಖಕರ ಮರಣದ ನಂತರ ಮೊದಲ ಬಾರಿಗೆ ಅಚ್ಚಾದ ಕೃತಿಗೆ 60 ವರ್ಷದ ಲೆಕ್ಕ ಪ್ರಕಟಣೆಯ ವರ್ಷದಿಂದ. ಇತ್ತೀಚಿನ ಮರುಮುದ್ರಣವಾದರೆ ಅದರ ಮುನ್ನುಡಿ, ಟಿಪ್ಪಣಿಗಳು ಅವನ್ನು ಬರೆದವರ ಸ್ವತ್ತು. ಹಳೆಯ ಮುದ್ರಣವನ್ನೇ ಹುಡುಕಿ.

ಪಠ್ಯ ಎಲ್ಲಿಂದ?

ಹಕ್ಕುಮುಕ್ತ ಪುಸ್ತಕಗಳನ್ನು ಸ್ವಯಂಸೇವಕರು ಅಕ್ಷರರೂಪದಲ್ಲಿ ಸೇರಿಸುವ ಜಾಲತಾಣ ಕನ್ನಡ ವಿಕಿಸೋರ್ಸ್‌ನಲ್ಲಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿ ಪುಟದ ಬಣ್ಣ ನೋಡಿ: ಹಳದಿ ಎಂದರೆ ಒಬ್ಬರು ತಿದ್ದಿದ್ದಾರೆ, ಹಸಿರು ಎಂದರೆ ಇನ್ನೊಬ್ಬರೂ ಪರಿಶೀಲಿಸಿದ್ದಾರೆ. ಅಲ್ಲಿ ಇಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಪ್ರತಿ ಸಿಗಬಹುದು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪ್ರತಿ ಇದ್ದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಕೊಳ್ಳಿ. ಚಿತ್ರದಿಂದ ಅಕ್ಷರ ತೆಗೆಯಲು ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶವಿದೆ, ಗೂಗಲ್ ಡ್ರೈವ್‌ನಲ್ಲೂ ಈ ಸೌಲಭ್ಯವಿದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾದ ಕಡತವಾದರೆ ಮೊದಲು ಯುನಿಕೋಡ್‌ಗೆ ಬದಲಿಸಿ. ಹಾಗೇ ಕೊಟ್ಟರೆ ಯಂತ್ರಕ್ಕೆ ಅದು ಕನ್ನಡವೇ ಅಲ್ಲ.

ಬೆವರು ಸುರಿಯುವುದು ಇಲ್ಲಿ

ದನಿ ಹುಟ್ಟಿಸುವುದು ಗಂಟೆಗಳ ಕೆಲಸ, ಪಠ್ಯ ತಿದ್ದುವುದು ವಾರಗಳ ಕೆಲಸ. ಇದನ್ನು ಬಿಟ್ಟವರ ಆಡಿಯೊ ಪುಸ್ತಕವನ್ನು ಯಾರೂ ಎರಡನೇ ಅಧ್ಯಾಯ ದಾಟಿ ಕೇಳುವುದಿಲ್ಲ.

ಮೊದಲು ಪ್ರತಿ ಪುಟದ ತಲೆಬರಹ, ಪುಟಸಂಖ್ಯೆ ತೆಗೆಯಿರಿ. ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ. ಆಮೇಲೆ ಅಕ್ಷರ. ಮಾಸಿದ ಅಚ್ಚಿನಲ್ಲಿ ಮ ಮತ್ತು ಯ, ಪ ಮತ್ತು ವ, ಘ ಮತ್ತು ಫ ಅದಲುಬದಲಾಗುತ್ತವೆ, ಒತ್ತಕ್ಷರ ಉದುರುತ್ತದೆ, ದೀರ್ಘ ಹಾರಿಹೋಗುತ್ತದೆ. ಕಾಗುಣಿತ ಪರೀಕ್ಷಕ ಕೆಲವನ್ನು ಹಿಡಿಯುತ್ತದೆ. ಆದರೆ ‘ದನ’ ಹೋಗಿ ‘ಧನ’ ಆಗಿದ್ದರೆ ಎರಡೂ ಸರಿಯಾದ ಪದಗಳೇ, ಅಲ್ಲಿ ನಿಮ್ಮ ಕಣ್ಣೇ ಗತಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿರುವುದು ತುಂಬಾ ಸಾಮಾನ್ಯ. ನೋಡಲು ಎರಡೂ ಒಂದೇ ಥರ, ಯಂತ್ರ ಮಾತ್ರ ಪದದ ನಡುವೆ ಸೊನ್ನೆ ಎಂದು ಓದಿಬಿಡುತ್ತದೆ. ‘ಹುಡುಕಿ ಬದಲಿಸು’ ಸೌಲಭ್ಯದಲ್ಲಿ ಇದನ್ನು ಒಂದೇ ಸಲಕ್ಕೆ ಸರಿಪಡಿಸಬಹುದು, ನಿಜವಾದ ಅಂಕಿಗಳನ್ನು ಬಿಟ್ಟು.

ತಿದ್ದಿ ಮುಗಿದ ಮೇಲೆ ಕಡತದ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಮೊದಲನೆಯದು ಮೂಲಕ್ಕೆ ನಿಷ್ಠವಾದ ಪಠ್ಯ, ಅದನ್ನು ಮುಟ್ಟಬೇಡಿ, ಸಾಧ್ಯವಾದರೆ ವಿಕಿಸೋರ್ಸ್‌ಗೆ ಕೊಡಿ. ಎರಡನೆಯದು ಯಂತ್ರಕ್ಕೆ. ಅದರಲ್ಲಿ ‘ಕ್ರಿ.ಶ.’ ಎಂದಿರುವಲ್ಲಿ ‘ಕ್ರಿಸ್ತಶಕ’ ಎಂದು, ‘ರೂ.’ ಎಂದಿರುವಲ್ಲಿ ‘ರೂಪಾಯಿ’ ಎಂದು ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಪ್ರತಿ ಚುಕ್ಕಿಗೂ ವಾಕ್ಯ ಮುಗಿಯಿತೆಂದು ದನಿ ನಿಲ್ಲುತ್ತದೆ. ಇಸವಿಗಳನ್ನು ಅಕ್ಷರದಲ್ಲಿ ಬರೆಯುವುದು ಕ್ಷೇಮ. ಹಳಗನ್ನಡದ ಉಲ್ಲೇಖಗಳಲ್ಲಿ ಬರುವ ಱ, ೞ ಅಕ್ಷರಗಳನ್ನು ಬಹಳಷ್ಟು ದನಿಗಳು ಗುರುತಿಸುವುದಿಲ್ಲ. ಈ ಪ್ರತಿಯಲ್ಲಿ ರ, ಳ ಹಾಕಿ. ಅರ್ಧ ಪುಟದಷ್ಟು ಉದ್ದದ ಹಳೇ ವಾಕ್ಯಗಳಿಗೆ ಉಸಿರು ತೆಗೆದುಕೊಳ್ಳುವಲ್ಲಿ ಒಂದು ಅಲ್ಪವಿರಾಮ ಸೇರಿಸಿ. ಪದ ಮಾತ್ರ ಬದಲಿಸಬೇಡಿ, ಅದು ಲೇಖಕರದು.

ಯಾವ ದನಿ?

ಮೈಕ್ರೋಸಾಫ್ಟ್‌ನ ಕನ್ನಡ ದನಿಗಳ ಹೆಸರು ಸಪ್ನಾ ಮತ್ತು ಗಗನ್. ಎಡ್ಜ್ ಬ್ರೌಸರ್‌ನಲ್ಲಿ ಗಟ್ಟಿಯಾಗಿ ಓದಿಸುವ ಸೌಲಭ್ಯದಲ್ಲಿ ಕೇಳಿ ನೋಡಬಹುದು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಇಂಡಿಕ್ ಪಾರ್ಲರ್ ಟಿಟಿಎಸ್ (ಪಠ್ಯವನ್ನು ದನಿಯಾಗಿಸುವ ತಂತ್ರಾಂಶ) ಮುಕ್ತವಾಗಿ ಸಿಗುತ್ತದೆ. ನಡೆಸಲು ಸ್ವಲ್ಪ ಕಂಪ್ಯೂಟರ್ ಜ್ಞಾನ ಬೇಕು, ಓದಿಕೊಂಡ ಮಗನೋ ಮಗಳೋ ಮನೆಗೆ ಬಂದಾಗ ಕೂರಿಸಿಕೊಳ್ಳಿ. ಈಸ್ಪೀಕ್ ಎನ್‌ಜಿ ಹಳೇ ಕಂಪ್ಯೂಟರಿನಲ್ಲೂ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ, ಆದರೆ ದನಿ ತೀರಾ ಒರಟು, ಕಾದಂಬರಿಗೆ ಒಗ್ಗುವುದಿಲ್ಲ. ಪರವಾನಗಿ ಓದದೆ ಮುಂದೆ ಹೋಗಬೇಡಿ: ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಎಂಎಂಎಸ್ ಎಂಬ ದನಿಯನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಪರಿಚಯದವರ ದನಿಯನ್ನು ಅವರ ಒಪ್ಪಿಗೆ ಇಲ್ಲದೆ ನಕಲು ಮಾಡಿಸುವುದಂತೂ ಬೇಡವೇ ಬೇಡ.

ದನಿ ಆರಿಸಲು ನಮ್ಮ ಊರುಗಳ ಹೆಸರೇ ಒಳ್ಳೆಯ ಪರೀಕ್ಷೆ. ಅರಕಲಗೂಡು, ಚನ್ನರಾಯಪಟ್ಟಣ, ಬಾಳೆಹೊನ್ನೂರು, ಕೊಟ್ಟಿಗೆಹಾರ ಎಂದು ಓದಿಸಿ. ಳ, ಣ ಸ್ಪಷ್ಟವಾಗಿ ಬಾರದ ದನಿಯನ್ನು ಅಲ್ಲೇ ಬಿಡಿ.

ಪದ್ಯಕ್ಕೆ ಈ ದನಿಗಳು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವು ಅಭಿಮಾನಪಡುವ ಲಕ್ಷ್ಮೀಶನ ಕಾವ್ಯಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಆದರೆ ಷಟ್ಪದಿಯಲ್ಲಿ ಪದ ಒಂದು ಸಾಲಿನಲ್ಲಿ ಶುರುವಾಗಿ ಮುಂದಿನ ಸಾಲಿಗೆ ಹರಿಯುತ್ತದೆ. ಯಂತ್ರ ಸಾಲು ಮುಗಿದಲ್ಲಿ ನಿಂತು ಪದವನ್ನೇ ತುಂಡು ಮಾಡುತ್ತದೆ. ಆ ಕೆಲಸ ಗಮಕಿಗಳದು, ಅವರನ್ನು ಕೂರಿಸಿ ಧ್ವನಿಮುದ್ರಿಸಿ.

ಓದಿಸಿ, ಪೂರ್ತಿ ಕೇಳಿ

ಇಡೀ ಅಧ್ಯಾಯವನ್ನು ಒಟ್ಟಿಗೆ ಕೊಡಬೇಡಿ. ಉದ್ದದ ಪಠ್ಯ ಸಿಕ್ಕರೆ ಹೊಸ ಮಾದರಿಯ ದನಿಗಳು ಪದ ನುಂಗುವುದು, ಹೇಳಿದ್ದನ್ನೇ ಹೇಳುವುದು ಉಂಟು. ಒಂದೊಂದು ಪ್ಯಾರಾ ಓದಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿ. ಪ್ಯಾರಾಗಳ ನಡುವೆ ಒಂದು ಸೆಕೆಂಡಿನಷ್ಟು, ಅಧ್ಯಾಯದ ಶೀರ್ಷಿಕೆ ಆದ ಮೇಲೆ ಎರಡು ಸೆಕೆಂಡಿನಷ್ಟು ಮೌನವಿರಲಿ. ಆಮೇಲೆ ಮೂಲ ಪುಸ್ತಕ ಎದುರಿಗಿಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಕೇಳಿ. ಅಡುಗೆ ಮಾಡುತ್ತಲೋ ಬಸ್ಸಿನಲ್ಲೋ ಕೇಳಿದರೆ ತಪ್ಪು ಕಿವಿಗೆ ಬೀಳುವುದಿಲ್ಲ. ಪೊರೆ ಬಂದು ಓದು ನಿಂತುಹೋದ ಹಿರಿಯರೊಬ್ಬರಿಗೆ ಮೊದಲ ಅಧ್ಯಾಯ ಕೇಳಿಸಿ, ವೇಗ ಹೆಚ್ಚಾಯಿತೇ ಎಂದು ಅವರನ್ನೇ ಕೇಳಿ. ಸಾಮಾನ್ಯವಾಗಿ ಹೆಚ್ಚೇ ಆಗಿರುತ್ತದೆ.

ಶುರುವಿನಲ್ಲಿ ಪುಸ್ತಕ, ಲೇಖಕರು, ಮುದ್ರಣದ ವರ್ಷ, ಜೊತೆಗೆ ‘ಇದು ಕಂಪ್ಯೂಟರ್ ದನಿ’ ಎಂಬ ಮಾತು ಇರಲೇಬೇಕು. ಕೇಳುವವರಿಗೆ ಅದು ಗೊತ್ತಿರಬೇಕು.

ಕಡತವನ್ನು ಎಂಪಿ3 ರೂಪದಲ್ಲಿ, ಮೋನೊ (ಒಂದೇ ಧ್ವನಿವಾಹಿನಿ), 64 ಕೆಬಿಪಿಎಸ್ ಗುಣಮಟ್ಟದಲ್ಲಿ ಉಳಿಸಿದರೆ ಸಾಕು. ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ. ನಲವತ್ತು ಸಾವಿರ ಪದಗಳ ಕಾದಂಬರಿ, ನಿಮಿಷಕ್ಕೆ ನೂರು ಪದದಂತೆ, ಆರೂ ಮುಕ್ಕಾಲು ಗಂಟೆಯ ಹತ್ತಿರ, 190 ಎಂಬಿ ಆಸುಪಾಸು. ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟಗಳಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ, ಮೆಮೊರಿ ಕಾರ್ಡ್‌ಗೆ ಹಾಕಿ ಕೊಡಿ. ಕಡತಗಳಿಗೆ 01, 02, 03 ಎಂದೇ ಹೆಸರಿಡಿ. ಬರೀ 1, 2 ಎಂದರೆ ಕೆಲವು ಕೀಪ್ಯಾಡ್ ಫೋನುಗಳಲ್ಲಿ ಒಂದನೇ ಅಧ್ಯಾಯದ ಬೆನ್ನಿಗೇ ಹತ್ತನೆಯದು ಶುರುವಾಗುತ್ತದೆ.