ವೇಬ್ರಿಡ್ಜ್ ಕಂಪ್ಯೂಟರ್‌ನ ನೀಲಿ ಪರದೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನ ಕಂಪ್ಯೂಟರ್‌ಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಜನವರಿ, ತೊಗರಿ ಸೀಸನ್. ಬೆಳಿಗ್ಗೆಯೇ ಅಲ್ಲಿನ ಗುಮಾಸ್ತರ ಫೋನ್. "ಮತ್ತ ಬಂದ್ ಆಯ್ತ್ರಿ ಸರ್. ನೀಲಿ ಬಂತು, ಹೋತು. ಹೊರಗ ಲಾರಿ ನಿಂತಾವ." ನೀಲಿ ಅಂದರೆ ವಿಂಡೋಸ್ ಪೂರ್ತಿ ಕುಸಿದಾಗ ಬರುವ ನೀಲಿ ಬಣ್ಣದ ಎರರ್ ಪರದೆ.

ಅವರ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಸಾಫ್ಟ್‌ವೇರ್ ಬಹಳ ಹಳೆಯದು. ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಎಕ್ಸ್‌ಪಿಗೆ ಅಪ್‌ಡೇಟ್ ನಿಂತದ್ದೇ 2014ರಲ್ಲಿ. ಹಳೇ ಯಂತ್ರ ಸತ್ತ ಮೇಲೆ ನಾನು ವಿಂಡೋಸ್ 10 ಇದ್ದ ಪಿಸಿಯಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸಿದ್ದೆ. ಎಕ್ಸ್‌ಪಿಗೆ ನೆಟ್ ಕೊಟ್ಟಿರಲಿಲ್ಲ. ಪಿಸಿಯಲ್ಲಿ 4 ಜಿಬಿ ರ‍್ಯಾಮ್ ಇತ್ತು. ಇನ್ನೊಂದು 4 ಜಿಬಿಯ ಸೆಕೆಂಡ್ ಹ್ಯಾಂಡ್ ಸ್ಟಿಕ್ ತಂದು ಹಾಕಿ, ಎಕ್ಸ್‌ಪಿಗೆ 3 ಜಿಬಿ ಧಾರಾಳವಾಗಿ ಕೊಟ್ಟಿದ್ದೆ. ಈ ಧಾರಾಳತನ ನೆನಪಿಡಿ.

ಕಲಬುರಗಿಯಲ್ಲಿ ಏನೇ ಕೆಟ್ಟರೂ ಮೊದಲ ಅಪವಾದ ಬಿಸಿಲಿಗೆ, ಮಿಲ್‌ನಲ್ಲಾದರೆ ತೊಗರಿ ಹೊಟ್ಟಿನ ಧೂಳಿಗೆ. ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹೊಡೆದೆ. ಬಂದ ಧೂಳು ನೋಡಿ ರೋಗ ಸಿಕ್ಕಿತು ಅಂದುಕೊಂಡೆ. ಎಕ್ಸ್‌ಪಿ ಶುರು ಮಾಡಿ ತಾಪಮಾನ ನೋಡಿದರೆ ಪ್ರೊಸೆಸರ್ 65 ಡಿಗ್ರಿ ದಾಟಲಿಲ್ಲ. ಅರ್ಧ ಗಂಟೆಗೆ ಮತ್ತೆ ನೀಲಿ.

ಆಮೇಲೆ ವರ್ಚುವಲ್‌ಬಾಕ್ಸ್ ಮೇಲೇ ಅನುಮಾನ. ಅದಕ್ಕೆ ಕಾರಣವೂ ಇತ್ತು. ಬ್ರೌಸರ್ ಕೆಟ್ಟರೆ ಬ್ರೌಸರ್ ಅಷ್ಟೇ ಮುಚ್ಚಿಕೊಳ್ಳುತ್ತದೆ. ಇಂಥ ಸಾಫ್ಟ್‌ವೇರ್ ಹಾಗಲ್ಲ. ತನ್ನ ಡ್ರೈವರ್ (ಸಹಾಯಕ ಪ್ರೋಗ್ರಾಂ) ಅನ್ನು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಇಳಿಸುತ್ತದೆ. ಅಲ್ಲಿ ಎಡವಿದರೆ ಇಡೀ ಕಂಪ್ಯೂಟರ್ ಬೀಳುತ್ತದೆ. ತೆಗೆದು ಹೊಸ ಆವೃತ್ತಿ ಹಾಕಿದೆ. ವಿಂಡೋಸ್‌ನದೇ ಇಂಥ ಸೌಲಭ್ಯವಾದ ಹೈಪರ್-ವಿ ಜೊತೆ ಜಗಳ ಇರಬಹುದು ಅಂತ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿ ನೋಡಿದೆ, ಹೈಪರ್-ವಿ ಅಡ್ಡ ಬಂದರೆ ಕಾಣುವ ಹಸಿರು ಆಮೆಯ ಚಿತ್ರ ಇರಲಿಲ್ಲ. ಅಂದರೆ ಆ ಜಗಳ ಇಲ್ಲ. ವೇಬ್ರಿಡ್ಜ್‌ನ ಸೀರಿಯಲ್ ಕೇಬಲ್ ಕಿತ್ತು ನೋಡಿದೆ. ಏನೂ ಬದಲಾಗಲಿಲ್ಲ.

ಮೊದಲೇ ಮಾಡಬೇಕಾದ ಕೆಲಸವನ್ನು ಆಗ ಮಾಡಿದೆ. ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಟಿಕ್ ತೆಗೆದೆ, ನೀಲಿ ಪರದೆ ಓದಲು ಸಿಗಲಿ ಅಂತ. ಪ್ರತಿ ಸಲ ಬಿದ್ದಾಗ ವಿಂಡೋಸ್ ಬರೆದಿಡುವ ವರದಿ ಫೈಲ್‌ಗಳು ವಿಂಡೋಸ್ ಫೋಲ್ಡರ್‌ನ ಮಿನಿಡಂಪ್ ಒಳಗಿದ್ದವು, ಅವನ್ನು ಓದಿ ತೋರಿಸುವ ಬ್ಲೂಸ್ಕ್ರೀನ್‌ವ್ಯೂನಲ್ಲಿ ತೆರೆದೆ. ಎರರ್ ಹೆಸರು ಒಂದರಲ್ಲಿ 'ಮೆಮರಿ ಮ್ಯಾನೇಜ್‌ಮೆಂಟ್', ಇನ್ನೊಂದರಲ್ಲಿ 'ಪೇಜ್ ಫಾಲ್ಟ್', ಮತ್ತೊಂದರಲ್ಲಿ 'ಐಆರ್‌ಕ್ಯೂಎಲ್'. ತಪ್ಪು ಹೊತ್ತ ಡ್ರೈವರೂ ಪ್ರತಿ ಸಲ ಬೇರೆ. ಒಮ್ಮೆ ವರ್ಚುವಲ್‌ಬಾಕ್ಸ್‌ನದು, ಒಮ್ಮೆ ಗ್ರಾಫಿಕ್ಸ್‌ನದು, ಒಮ್ಮೆ ವಿಂಡೋಸ್‌ನ ಕರ್ನಲ್ಲೇ. ಒಬ್ಬನೇ ಕಳ್ಳ ಆಗಿದ್ದರೆ ಸಾಮಾನ್ಯವಾಗಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಹೀಗೆ ಎಲ್ಲರ ಹೆಸರೂ ಬಂದರೆ ನಾನು ಹಾರ್ಡ್‌ವೇರ್ ಕಡೆ ತಿರುಗುತ್ತೇನೆ, ಅದರಲ್ಲೂ ಮೊದಲು ರ‍್ಯಾಮ್ ಕಡೆ. ಪರದೆಯೇ ಬರದೆ ಕರೆಂಟ್ ಹೋದ ಹಾಗೆ ಆಫ್ ಆಗಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ನೋಡುತ್ತಿದ್ದೆ.

ನಡುವೆ ಒಂದು ಸಲ ಮೋಸ ಹೋದೆ. ಎಕ್ಸ್‌ಪಿಯ ಮೆಮರಿಯನ್ನು 512 ಎಂಬಿಗೆ ಇಳಿಸಿದೆ. ಸಂಜೆವರೆಗೂ ನಡೆಯಿತು. ಮರುದಿನವೂ ನಡೆಯಿತು. ಗೆದ್ದೆ ಅಂತ ಚಹಾ ಕುಡಿದೆ. ಮೂರನೇ ದಿನ ಗುಮಾಸ್ತರು ಎಕ್ಸೆಲ್, ಬ್ರೌಸರ್ ಎಲ್ಲ ಒಟ್ಟಿಗೆ ತೆರೆದರು, ಬಿತ್ತು. ಆಗ ಹೊಳೆಯಿತು. ಎಕ್ಸ್‌ಪಿಯ ತಪ್ಪಿಲ್ಲ. ಬರೇ ಬಿಲ್ ಹೊಡೆಯುವಾಗ ಅಷ್ಟಾಗಿ ಮುಟ್ಟದ ರ‍್ಯಾಮ್‌ನ ಜಾಗವನ್ನು ನನ್ನ 3 ಜಿಬಿ ಧಾರಾಳತನ ಮುಟ್ಟಿಸುತ್ತಿತ್ತು.

ಮುಂದಿನ ಪರೀಕ್ಷೆಗೆ ಮೊದಲು ಎಕ್ಸ್‌ಪಿ ಯಂತ್ರದ ಇಡೀ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಸ್ನ್ಯಾಪ್‌ಶಾಟ್ (ವರ್ಚುವಲ್‌ಬಾಕ್ಸ್ ಉಳಿಸಿಡುವ ಆ ಕ್ಷಣದ ಸ್ಥಿತಿ) ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅದೂ ಅದೇ ಡಿಸ್ಕ್‌ನಲ್ಲೇ ಇರುವುದು ಅಲ್ವಾ? ಬರೆಯುವ ಹೊತ್ತಿಗೆ ಕಂಪ್ಯೂಟರ್ ಬಿದ್ದರೆ ಒಳಗಿನ ಡಿಸ್ಕ್ ಫೈಲ್ ಹಾಳಾಗಬಹುದು. ತೂಕದ ಲೆಕ್ಕವೆಲ್ಲ ಅದರಲ್ಲೇ.

ರಾತ್ರಿ ಇನ್ನೊಂದು ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಬೂಟ್ ಮಾಡಿದೆ. ಇದು ವಿಂಡೋಸ್ ಹೊರಗೇ ಓಡುತ್ತದೆ. ಸ್ವಲ್ಪ ಹೊತ್ತಿಗೆ ಎರರ್‌ನ ಕೆಂಪು ಸಾಲುಗಳು ಬರತೊಡಗಿದವು. ನಮ್ಮ ಹಳೇ ಮದ್ದು ಮಾಡಿದೆ, ಸ್ಟಿಕ್‌ಗಳ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಎಷ್ಟೋ ಸಲ ಕೆಲಸ ಮಾಡಿದೆ ಈ ಮದ್ದು, ಇಲ್ಲಿ ಮಾಡಲಿಲ್ಲ. ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿದೆ. ಹಳೆಯದು ಸ್ವಚ್ಛ. ನಾನು ತಂದದ್ದೇ ಕೆಟ್ಟದ್ದು. ಸ್ಲಾಟ್ ಬದಲಿಸಿ ಹಾಕಿದರೂ ಅದರಲ್ಲೇ ಎರರ್, ಹಾಗಾಗಿ ಮದರ್‌ಬೋರ್ಡ್ ಉಳಿಯಿತು. ಒಂದೇ ಒಂದು ಎರರ್ ಬಂದರೂ ಆ ಸ್ಟಿಕ್ ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ. ಬೀಳುವುದಕ್ಕಿಂತ ಜಾಸ್ತಿ ಭಯ, ಬೀಳದೆ ತಪ್ಪು ತೂಕ ಬರೆದುಬಿಟ್ಟರೆ ಅನ್ನುವುದು.

ಸಾಹುಕಾರ್ರಿಗೆ ನಿಜ ಹೇಳಿದೆ, ಹೊಸ ಸ್ಟಿಕ್ ನನ್ನ ಖರ್ಚಿನಲ್ಲೇ ಹಾಕಿದೆ. ಅವರು ನಕ್ಕು, "ತೊಗರಿ ಆದ್ರ ಕೈಯಾಗ ಹಿಡದ ನೋಡಿ ತಗೋತೀವ್ರಿ ನಾವು" ಅಂದರು. ಎಕ್ಸ್‌ಪಿಗೆ ಈಗ 1 ಜಿಬಿ ಕೊಟ್ಟಿದ್ದೇನೆ, ಸಾಕಾಗುತ್ತದೆ. ಕೆಟ್ಟ ಸ್ಟಿಕ್ ಅನ್ನು ಎರಡು ತುಂಡು ಮಾಡಿ ಬಿಸಾಕಿದೆ. ಡ್ರಾಯರ್‌ನಲ್ಲಿಟ್ಟಿದ್ದರೆ ಮುಂದಿನ ಸೀಸನ್‌ಗೆ ನಾನೇ ಇನ್ನೆಲ್ಲೋ ಹಾಕಿಬಿಡುತ್ತಿದ್ದೆ.