ಮಕ್ಕಳಿಗೆ ದೆವ್ವದ ಕಥೆ ಓದೋ ಮುಂಚೆ ಒಂದ್ ಮಾತು

ಸಾವು, ದೆವ್ವ ಇರೋ ಫ್ಯಾಂಟಸಿ ಕಥೆ ಮಕ್ಳಿಗೆ ಬೇಡ್ವೇ ಬೇಡ ಅನ್ನೋರು ಸ್ವಲ್ಪ ಕೇಳಿ, ತಮಾಷೆ ದೆವ್ವದ ಕಥೆ ಸಾವಿನ ಬಗ್ಗೆ ಮಾತು ಶುರು ಮಾಡೋಕೆ ತುಂಬಾ ಒಳ್ಳೇದು, ಆದ್ರೆ ಮೊದ್ಲು ನೀವೊಬ್ರೇ ಪೂರ್ತಿ ಓದ್ಬಿಡಿ. 5 ವರ್ಷದೊಳಗಿನ ಮಕ್ಳು ಸಾಮಾನ್ಯವಾಗಿ ಸತ್ತೋರು ವಾಪಸ್ ಬರ್ತಾರೆ ಅಂತಾನೇ ಅಂದ್ಕೊಂಡಿರ್ತಾರೆ, 5ರಿಂದ 7ರ ಹೊತ್ತಿಗೆ ನಿಧಾನಕ್ಕೆ ಅರ್ಥ ಆಗೋಕೆ ಶುರು ಆಗುತ್ತೆ. ಹಾಗಾಗಿ ಕಥೇಲಿ ಅಜ್ಜಿ ದೆವ್ವವಾಗಿ ಬಂದು ಮೊಮ್ಮಗಳಿಗೆ ಜಡೆ ಹಾಕಿದ್ರೆ "ನಿಜವಾಗ್ಲೂ ಬರ್ತಾರಾ?" ಅಂತ ಕೇಳೇ ಕೇಳ್ತಾರೆ. ಆಗ "ಕಥೇಲಿ ಬರ್ತಾರೆ, ನಿಜದಲ್ಲಿ ಸತ್ತೋರು ಬರಲ್ಲ ಪುಟ್ಟಾ, ನೆನಪು ಇರುತ್ತೆ" ಅಂತ ನೇರವಾಗಿ ಹೇಳಿ. "ಮಲಗಿದಾರೆ" ಅಂತ ಮಾತ್ರ ಹೇಳ್ಬೇಡಿ ಪ್ಲೀಸ್, ನಾನು ಹಾಗಂದಿದ್ದಕ್ಕೆ ಮಗಳು ನಾಲ್ಕು ರಾತ್ರಿ ನನ್ನ ಕಿರುಬೆರಳು ಹಿಡ್ಕೊಂಡು ಕೂತಿದ್ಲು, ಕಣ್ಣು ಮುಚ್ಚೋಕೇ ಒಪ್ಲಿಲ್ಲ, ಆಮೇಲೆ ಕೇಳಿದ್ರೆ "ನಾನೂ ಏಳದೇ ಹೋದ್ರೆ?" ಅಂದ್ಲು.

ಮಲಗೋ ಟೈಮಲ್ಲಿ ಬೇಡ, ಹಗಲೊತ್ತು ಓದಿ. ಭಯ ಬಿದ್ರೆ ಅಲ್ಲೇ ನಿಲ್ಸಿ, ಆ ದೆವ್ವಕ್ಕೆ ಅವ್ರ ಕೈಲೇ ಹೆಸರು ಇಡ್ಸಿ ಚಿತ್ರ ಬರೆಸಿ. ನನ್ನ ಮಗಳ ದೆವ್ವ ಕಾಲೇ ಇಲ್ದೆ ಕಾಲುಚೀಲ ಹುಡುಕ್ತಿದೆ, ಈಗ ಅವಳೇ ಅದಕ್ಕೆ ದಿನಾ ಸಮಾಧಾನ ಮಾಡ್ತಾಳೆ.